ಒಂಬತ್ತು ಬಾವುಟ, ಒಂದು ಭಿನ್ನರಾಶಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನಮ್ಮ ರಾಷ್ಟ್ರಧ್ವಜಗಳು ಸಿದ್ಧವಾಗುತ್ತವೆ. ಅಲ್ಲಿ ಕತ್ತರಿ ಹಿಡಿದವರು ತಮಗೆ ತೋಚಿದ ಅಳತೆಗೆ ಬಟ್ಟೆ ಕತ್ತರಿಸುವ ಹಾಗಿಲ್ಲ. ಭಾರತದ ಧ್ವಜಸಂಹಿತೆ ಒಂಬತ್ತು ಅಳತೆಗಳನ್ನು ಗೊತ್ತುಮಾಡಿದೆ. ಎಲ್ಲಕ್ಕಿಂತ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಮಿಲಿಮೀಟರ್ ಎತ್ತರ. ಅಷ್ಟು ಜಾಗದಲ್ಲಿ ಒಂದು ದೊಡ್ಡ ಕೋಣೆಯನ್ನೇ ಕಟ್ಟಬಹುದು! ಎಲ್ಲಕ್ಕಿಂತ ಚಿಕ್ಕದು ಮೇಜಿನ ಮೇಲೆ ಇಡುವಂಥದ್ದು, 150 × 100. ಇವೆರಡರ ನಡುವೆ 3600 × 2400, 2700 × 1800, 1800 × 1200, 1350 × 900, 900 × 600, 450 × 300 ಮತ್ತು 225 × 150 ಇವೆ. ಕೊನೆಯದು ದೊಡ್ಡ ದೊಡ್ಡ ಅಧಿಕಾರದಲ್ಲಿರುವವರ ಕಾರಿನ ಮೇಲೆ ಪಟಪಟ ಹಾರುತ್ತದಲ್ಲ, ಆ ಪುಟ್ಟ ಬಾವುಟ.

ಒಂಬತ್ತೂ ಬಾವುಟಗಳ ಆಕಾರ ಒಂದೇ ಎಂದು ಕಣ್ಣಿಗೆ ಥಟ್ಟನೆ ಗೊತ್ತಾಗುತ್ತದೆ. ಅಂಕಿಗಳನ್ನು ನೋಡಿದರೆ ಹಾಗೆ ಗೊತ್ತಾಗುವುದಿಲ್ಲ. 1350 ಮತ್ತು 900 ಒಂದು ಜೋಡಿ, 225 ಮತ್ತು 150 ಇನ್ನೊಂದು ಜೋಡಿ. ನಾವಿಬ್ಬರೂ ಒಂದೇ ಎಂದು ಅವು ತಾವಾಗಿ ಬಾಯಿಬಿಡುವುದಿಲ್ಲ, ನಾವೇ ಬಾಯಿಬಿಡಿಸಬೇಕು. ಉದ್ದವನ್ನು ಮೇಲೆ, ಎತ್ತರವನ್ನು ಕೆಳಗೆ ಬರೆದು ಭಿನ್ನರಾಶಿ ಮಾಡೋಣ: 1350/900. ಎರಡನ್ನೂ 10ರಿಂದ ಭಾಗಿಸಿದರೆ 135/90. ಎರಡೂ ಐದರ ಮಗ್ಗಿಯಲ್ಲಿ ಹೋಗುತ್ತವೆ, 27/18. ಒಂಬತ್ತರ ಮಗ್ಗಿಯಲ್ಲಿ ಮತ್ತೊಮ್ಮೆ ಹೋಗುತ್ತವೆ, 3/2. ಇನ್ನು ಕಾರಿನ ಬಾವುಟ: 225/150. 25ರಿಂದ ಭಾಗಿಸಿದರೆ 9/6, ಮೂರರಿಂದ ಭಾಗಿಸಿದರೆ 3/2. ಉಳಿದ ಏಳನ್ನೂ ನೀವೇ ಮಾಡಿ ನೋಡಿ, ಎಲ್ಲವೂ 3/2ಕ್ಕೇ ಬಂದು ನಿಲ್ಲುತ್ತವೆ. ಧ್ವಜಸಂಹಿತೆಯಲ್ಲಿ ಬರೆದಿರುವುದೂ ಅಷ್ಟೇ: ಉದ್ದಕ್ಕೂ ಎತ್ತರಕ್ಕೂ ಇರುವ ಅನುಪಾತ 3:2.

ಹೀಗೆ ಭಿನ್ನರಾಶಿಯ ಮೇಲಿನ ಸಂಖ್ಯೆಯನ್ನೂ (ಅಂಶ) ಕೆಳಗಿನ ಸಂಖ್ಯೆಯನ್ನೂ (ಛೇದ) ಒಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಿ, ಇನ್ನು ಭಾಗಿಸಲು ಆಗುವುದೇ ಇಲ್ಲ ಎನ್ನುವಲ್ಲಿ ನಿಂತರೆ ಅದು ಆ ಭಿನ್ನರಾಶಿಯ ಅತ್ಯಂತ ಸಂಕ್ಷಿಪ್ತ ರೂಪ. ಪರೀಕ್ಷೆಯಲ್ಲಿ ಉತ್ತರ ಸರಿಯಿದ್ದರೂ ‘ಸಂಕ್ಷೇಪಿಸಿಲ್ಲ’ ಎಂದು ಅರ್ಧ ಅಂಕ ಕಳೆದುಕೊಂಡವರಿಗೆ ಇದರ ಮೇಲೆ ಸಿಟ್ಟಿರಬಹುದು. 12/18 ಮತ್ತು 2/3 ಎರಡೂ ಒಂದೇ ತಾನೇ, ಹಾಗಿದ್ದ ಮೇಲೆ ಈ ಕಷ್ಟ ಯಾಕೆ ಎಂದು ಕೇಳುವುದು ನ್ಯಾಯವೇ. ಅದಕ್ಕೆ ಉತ್ತರ ಇದೆ, ಸ್ವಲ್ಪ ತಡೆಯಿರಿ. ಎರಡೂ ಒಂದೇ ಹೇಗೆ ಎನ್ನುವುದನ್ನು ಮೊದಲು ನೋಡಿಬಿಡೋಣ.

ಉದ್ದನೆಯ ಕಾಗದದ ಪಟ್ಟಿ ತೆಗೆದುಕೊಂಡು ಪೆನ್ಸಿಲಿನಿಂದ ಗೆರೆ ಎಳೆದು 18 ಸಮನಾದ ಮನೆ ಮಾಡಿ. ಎಡಗಡೆಯಿಂದ 12 ಮನೆಗಳಿಗೆ ಬಣ್ಣ ಹಚ್ಚಿ. ಇದು 12/18. ಈಗ ರಬ್ಬರ್ ತೆಗೆದುಕೊಂಡು, ಆರಾರು ಮನೆಗೊಂದು ಗೆರೆ ಬಿಟ್ಟು ಉಳಿದ ಗೆರೆಗಳನ್ನೆಲ್ಲ ಅಳಿಸಿ. ಮೂರು ದೊಡ್ಡ ಮನೆ ಉಳಿದವು, ಅದರಲ್ಲಿ ಎರಡಕ್ಕೆ ಬಣ್ಣ ಇದೆ. 2/3 ಆಯಿತು! ಬಣ್ಣ ಒಂದಿಷ್ಟೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ನೀವು ಅಳಿಸಿದ್ದು ಗೆರೆಗಳನ್ನು ಮಾತ್ರ. ಸಂಕ್ಷೇಪಿಸುವುದು ಎಂದರೆ ಬೇಡದ ಗೆರೆ ಅಳಿಸುವುದು. ಮನೆಗಳು ಸಮನಾಗಿಯೇ ಇರಬೇಕು, ಬಣ್ಣ ಮುಗಿಯುವಲ್ಲಿ ಗೆರೆಯೂ ಇರಬೇಕು, ಇನ್ನು ಒಂದು ಗೆರೆ ಅಳಿಸಿದರೂ ಲೆಕ್ಕ ಕೆಡುತ್ತದೆ ಎನ್ನುವ ಸ್ಥಿತಿಯೇ ಸಂಕ್ಷಿಪ್ತ ರೂಪ.

ಯಾವ ದಾರಿಯಲ್ಲಿ ಹೋದರೂ ತಲುಪುವ ಜಾಗ ಒಂದೇ. 48/72 ಅನ್ನು ನಿಮ್ಮ ಗೆಳತಿ ಎರಡೆರಡರಿಂದ ಭಾಗಿಸುತ್ತಾ 24/36, 12/18, 6/9 ಎಂದು ಇಳಿದು, ಕೊನೆಗೆ ಮೂರರಿಂದ ಭಾಗಿಸಿ 2/3ಕ್ಕೆ ಬರಬಹುದು. ನೀವು ಮೊದಲು ಮೂರರಿಂದ ಭಾಗಿಸಿ 16/24 ಮಾಡಿ, ಆಮೇಲೆ ಎಂಟರಿಂದ ಭಾಗಿಸಬಹುದು. ಕಣ್ಣು ಚುರುಕಾಗಿರುವ ಇನ್ನೊಬ್ಬರು ಒಂದೇ ಏಟಿಗೆ 24ರಿಂದ ಭಾಗಿಸಿ ಕೈತೊಳೆದುಕೊಳ್ಳಬಹುದು. ಮೂವರ ಉತ್ತರವೂ 2/3.

ಆದರೆ ಒಂದು ಹುಷಾರು. ‘ಮೇಲೊಂದು ಕೆಳಗೊಂದು ಹೊಡೆದುಹಾಕು’ ಎಂದು ಸಂಖ್ಯೆಗಳೊಳಗಿನ ಅಂಕಿಯನ್ನೇ ಹೊಡೆದುಹಾಕುವವರಿದ್ದಾರೆ. 16/64ರಲ್ಲಿ ಮೇಲಿನ 6, ಕೆಳಗಿನ 6 ಎರಡನ್ನೂ ಗೀಚಿಬಿಟ್ಟರೆ 1/4. ತಮಾಷೆ ಏನೆಂದರೆ ಉತ್ತರ ಸರಿ! 16 ನಾಲ್ಕಲಿ 64. ಹಾಗೆಂದು 13/39ರಲ್ಲಿ ಎರಡೂ ಮೂರನ್ನು ಗೀಚಿದರೆ 1/9 ಬರುತ್ತದೆ. ನಿಜವಾದ ಉತ್ತರ 1/3. 16/64 ಪಾಸಾದದ್ದು ಅದೃಷ್ಟದಿಂದ. ಒಂದಕ್ಕಿಂತ ಚಿಕ್ಕದಾದ ಎರಡಂಕಿ ಭಿನ್ನರಾಶಿಗಳಲ್ಲಿ ಇಂಥ ಅದೃಷ್ಟವಂತರು ನಾಲ್ಕೇ ನಾಲ್ಕು: 16/64, 19/95, 26/65, 49/98. ಸೊನ್ನೆಗಳ ಜೋಡಿಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ಯಾಕೆಂದರೆ ಕೊನೆಯ ಸೊನ್ನೆ ಹೊಡೆಯುವುದು ನಿಜಕ್ಕೂ 10ರಿಂದ ಭಾಗಿಸುವುದೇ.

ಇನ್ನು ನಿಜವಾದ ತೊಡಕಿಗೆ ಬರೋಣ. ನಿಲ್ಲುವುದು ಎಲ್ಲಿ? 49/91 ನೋಡಿ. ಎರಡರಿಂದ ಹೋಗುವುದಿಲ್ಲ, ಮೂರರಿಂದ ಹೋಗುವುದಿಲ್ಲ, ಐದರಿಂದಲೂ ಇಲ್ಲ. ಎಷ್ಟೋ ಮಂದಿ ಇಲ್ಲಿಗೆ ‘ಮುಗಿಯಿತು’ ಎಂದು ಗೆರೆ ಎಳೆದುಬಿಡುತ್ತಾರೆ. ಏಳರ ಮಗ್ಗಿ ಹತ್ತಕ್ಕೇ ನಿಲ್ಲುವುದರಿಂದ 91 ಅದರೊಳಗೆ ಇದೆ ಎಂದು ಹೊಳೆಯುವುದೇ ಇಲ್ಲ.

ಇದೇ 49/91 ಸುಮಾರು 2000 ವರ್ಷ ಹಳೆಯ ಚೀನೀ ಗಣಿತ ಪುಸ್ತಕವೊಂದರಲ್ಲಿ ಲೆಕ್ಕವಾಗಿ ಕೂತಿದೆ. ‘ಜಿಯುಜಾಂಗ್ ಸುವಾನ್‌ಶು’ ಎಂದು ಅದರ ಹೆಸರು, ಒಂಬತ್ತು ಅಧ್ಯಾಯಗಳ ಪುಸ್ತಕ. ಮೊದಲ ಅಧ್ಯಾಯ ಹೊಲ ಅಳೆಯುವುದರ ಬಗ್ಗೆ. ಹೊಲ ಅಳೆಯುವವರಿಗೆ ಭಿನ್ನರಾಶಿ ಬೇಕೇ ಬೇಕಲ್ಲ, ಅದಕ್ಕೇ ಅಲ್ಲಿ ಸಂಕ್ಷೇಪಿಸುವ ಲೆಕ್ಕ ಬಂದಿದೆ: ಒಂದು 12/18, ಇನ್ನೊಂದು 49/91. ಅವರು ಹೇಳಿಕೊಟ್ಟ ಉಪಾಯಕ್ಕೆ ಮಗ್ಗಿಯೇ ಬೇಕಿಲ್ಲ, ಕಳೆಯಲು ಬಂದರೆ ಸಾಕು. ಎರಡೂ ಸಂಖ್ಯೆ ಅರ್ಧವಾಗುವ ಹಾಗಿದ್ದರೆ ಅರ್ಧ ಮಾಡಿ. ಇಲ್ಲವಾದರೆ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿದದ್ದನ್ನೂ ಚಿಕ್ಕದನ್ನೂ ಇಟ್ಟುಕೊಂಡು ಮತ್ತೆ ಅದೇ ಕೆಲಸ. ಎರಡೂ ಸಮವಾಗುವ ತನಕ ಬಿಡಬೇಡಿ.

ಆಡೋಣ ಬನ್ನಿ. 91ರಲ್ಲಿ 49 ಹೋದರೆ 42. ಈಗ ಕೈಯಲ್ಲಿರುವುದು 49 ಮತ್ತು 42. ಕಳೆದರೆ 7. ಕೈಯಲ್ಲಿ 42 ಮತ್ತು 7. ಏಳೇಳನ್ನೇ ಕಳೆಯುತ್ತಾ ಹೋದರೆ 35, 28, 21, 14, 7. ಆಹಾ, 7 ಮತ್ತು 7, ಸಮವಾದವು! ಈ ಏಳೇ ನಾವು ಹುಡುಕುತ್ತಿದ್ದ ಸಂಖ್ಯೆ. 49ನ್ನು ಏಳರಿಂದ ಭಾಗಿಸಿದರೆ 7, 91ನ್ನು ಭಾಗಿಸಿದರೆ 13. ಉತ್ತರ 7/13. ನಿಮ್ಮ ಪಠ್ಯದಲ್ಲಿ ಮಹತ್ತಮ ಸಾಮಾನ್ಯ ಅಪವರ್ತನ, ಮ.ಸಾ.ಅ. ಎಂದು ಬರುತ್ತದಲ್ಲ, ಅದೇ ಈ ಏಳು.

ಕಳೆಯುವುದಕ್ಕೂ ಭಾಗಿಸುವುದಕ್ಕೂ ಏನು ಸಂಬಂಧ? ಎರಡು ಕೋಲುಗಳಿವೆ ಎಂದುಕೊಳ್ಳಿ, ಒಂದು 91 ಅಂಗುಲ, ಒಂದು 49 ಅಂಗುಲ. ಎರಡನ್ನೂ ಏಳೇಳು ಅಂಗುಲದ ತುಂಡುಗಳನ್ನು ಜೋಡಿಸಿಯೇ ಮಾಡಿದ್ದಾರೆ. ಆಗ ಉದ್ದದ ಕೋಲಿನಿಂದ ಗಿಡ್ಡದರಷ್ಟನ್ನು ತೆಗೆದರೆ ಉಳಿಯುವುದೂ ಏಳರ ಇಡೀ ತುಂಡುಗಳೇ ಆಗಿರಬೇಕು, ಮುರಿದ ತುಂಡು ಎಲ್ಲಿಂದ ಬರಬೇಕು? ಎಷ್ಟು ಸಲ ಕಳೆದರೂ ಆ ಸಾಮಾನ್ಯ ತುಂಡು ಕಳೆದುಹೋಗುವುದಿಲ್ಲ. ಸಂಖ್ಯೆಗಳು ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ಅದೊಂದೇ ಉಳಿಯುತ್ತದೆ. ಕ್ರಿ.ಶ. 263ರಲ್ಲಿ ಈ ಪುಸ್ತಕಕ್ಕೆ ವಿವರಣೆ ಬರೆದ ಲಿಯು ಹುಯಿ ಎಂಬ ಗಣಿತಜ್ಞ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಎರಡು ಸಂಖ್ಯೆಗಳೂ ಕೊನೆಗೆ ಸಮವಾಗಿ ಉಳಿಯುವ ಸಂಖ್ಯೆಯ ಮೇಲಿಂದ ಮೇಲೆ ಇಟ್ಟ ಪ್ರತಿಗಳು.

ಕೈಯಲ್ಲೇ ಮಾಡಿ ನೋಡಬೇಕೆಂದರೆ 225 ಮಿಲಿಮೀಟರ್ ಉದ್ದ, 150 ಮಿಲಿಮೀಟರ್ ಅಗಲದ ಒಂದು ಹಾಳೆ ತೆಗೆದುಕೊಳ್ಳಿ (ಹಾಳೆ ಮಕ್ಕಳೇ, ಬಾವುಟಕ್ಕೆ ಕತ್ತರಿ ಹಾಕಬೇಡಿ). ಅದರಿಂದ ಆದಷ್ಟು ದೊಡ್ಡ ಚೌಕವನ್ನು ಕತ್ತರಿಸಿ. 150ರ ಚೌಕ ಬಂತು, 75 × 150ರ ಪಟ್ಟಿ ಉಳಿಯಿತು. ಆ ಪಟ್ಟಿಯಿಂದ ಮತ್ತೆ ಆದಷ್ಟು ದೊಡ್ಡ ಚೌಕ. 75ರ ಎರಡು ಚೌಕಗಳಾಗಿ ಹಾಳೆ ಪೂರ್ತಿ ಮುಗಿಯಿತು, ಚೂರೂ ಉಳಿಯಲಿಲ್ಲ. ಕೊನೆಯ ಚೌಕದ ಬದಿ 75, ಅದೇ 225 ಮತ್ತು 150ರ ಮ.ಸಾ.ಅ. ಇದೇ ಆಟವನ್ನು 6300 × 4200ರ ಕಾಗದದಲ್ಲಿ ಆಡಿದರೂ ಬರುವುದು ಒಂದು ದೊಡ್ಡ ಚೌಕ, ಎರಡು ಚಿಕ್ಕ ಚೌಕ. ಅಲ್ಲಿ ಚಿಕ್ಕದರ ಬದಿ 2100 ಇರುತ್ತದೆ, ಅಷ್ಟೇ ವ್ಯತ್ಯಾಸ. ಪುಸ್ತಕದ ಪುಟ, ಬಾಗಿಲು, ಕ್ಯಾರಂ ಬೋರ್ಡ್ ಇಟ್ಟ ಮೇಜು, ಯಾವುದರ ಅಳತೆ ಹಿಡಿದಾದರೂ ಕಾಗದದ ಮೇಲೆ ಚೌಕ ಬಿಡಿಸುತ್ತಾ ಹೋಗಬಹುದು.

ಗ್ರೀಕರೂ ಈ ಆಟ ಬಲ್ಲವರಾಗಿದ್ದರು. ಕ್ರಿಸ್ತಪೂರ್ವ 300ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಏಳನೆಯ ಭಾಗವನ್ನು ಈ ವಿಧಾನದಿಂದಲೇ ಶುರುಮಾಡುತ್ತಾನೆ. ಸಂಖ್ಯೆಗಳು ದೊಡ್ಡವಾದರೆ ಒಂದೊಂದೇ ಸಲ ಕಳೆಯುವ ಬದಲು ಭಾಗಿಸಿ ಶೇಷ ಇಟ್ಟುಕೊಳ್ಳಬಹುದು, ಬೇಗ ಮುಗಿಯುತ್ತದೆ. 221/323 ಕೊಡುತ್ತೇನೆ. 323ರಲ್ಲಿ 221 ಹೋದರೆ 102. 221ರಲ್ಲಿ 102 ಎರಡು ಸಲ ಹೋಗಿ 17 ಉಳಿಯುತ್ತದೆ. 102ರಲ್ಲಿ 17 ಸರಿಯಾಗಿ ಆರು ಸಲ. ಹಾಗಾಗಿ 17ರಿಂದ ಭಾಗಿಸಿದರೆ 13/19. ಹದಿನೇಳರ ಮಗ್ಗಿ ಬಾಯಿಪಾಠ ಇಲ್ಲದವರೂ ಮೂರೇ ಹೆಜ್ಜೆಯಲ್ಲಿ ಗೆದ್ದರು! ಇವತ್ತಿಗೂ ಕಂಪ್ಯೂಟರಿಗೆ ಭಿನ್ನರಾಶಿ ಸಂಕ್ಷೇಪಿಸಲು ಹೇಳಿಕೊಡುವವರು ಸಾಮಾನ್ಯವಾಗಿ ಕಲಿಸುವುದು ಇದೇ ಹಳೆಯ ಉಪಾಯ.

ನಮ್ಮ ನಾಡಿನಲ್ಲೂ ಭಿನ್ನರಾಶಿಯ ದೊಡ್ಡ ಪಂಡಿತರೊಬ್ಬರಿದ್ದರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು. ಕ್ರಿ.ಶ. 850ರ ಸುಮಾರಿಗೆ ಅವರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳಿಗೇ ಒಂದು ದೊಡ್ಡ ಅಧ್ಯಾಯ ಮೀಸಲಿದೆ. ಬೇರೆ ಬೇರೆ ಛೇದಗಳ ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳನ್ನು ಸುಮ್ಮನೆ ಗುಣಿಸಿಬಿಟ್ಟರೆ ಸಂಖ್ಯೆ ಊದಿಕೊಳ್ಳುತ್ತದೆ. ಅವುಗಳ ಸಾಮಾನ್ಯ ಅಪವರ್ತನಗಳನ್ನು ಮೊದಲೇ ತೆಗೆದು ಆದಷ್ಟು ಚಿಕ್ಕ ಛೇದ ಕಂಡುಕೊಳ್ಳುವ ಕ್ರಮವನ್ನು ಅವರು ಹೇಳಿದ್ದಾರೆ. 1/6 ಮತ್ತು 3/10 ಕೂಡಿಸಬೇಕಾದರೆ 60ರ ಬದಲು 30 ಸಾಕು: 5/30 ಮತ್ತು 9/30 ಸೇರಿ 14/30. ಆಮೇಲೂ ಎರಡರಿಂದ ಒಮ್ಮೆ ಭಾಗಿಸಿದರೆ 7/15.

ಸರಿ, ಯಾಕೆ ಈ ಕಷ್ಟ ಎಂಬ ಪ್ರಶ್ನೆ ಬಾಕಿ ಇದೆ. ಸಂಕ್ಷಿಪ್ತ ರೂಪ ನೋಡುವುದಕ್ಕೆ ಚೊಕ್ಕಟ ಎಂಬುದು ಸಣ್ಣ ಕಾರಣ. ದೊಡ್ಡ ಭಿನ್ನರಾಶಿ ಹೇಳದೆ ಮುಚ್ಚಿಟ್ಟುಕೊಂಡ ಸಂಗತಿಯನ್ನು ಅದು ಹೇಳುತ್ತದೆ ಎಂಬುದೇ ನನಗೆ ಹೆಚ್ಚು ಇಷ್ಟವಾದ ಕಾರಣ.

ನಿಮ್ಮ ಅಜ್ಜಿಯೋ ತಾತನೋ 25 ಪೈಸೆಗೆ ನಾಲ್ಕಾಣೆ ಎನ್ನುವುದನ್ನು ಕೇಳಿರಬಹುದು, 50 ಪೈಸೆಗೆ ಎಂಟಾಣೆ. ಹಿಂದೆ ರೂಪಾಯಿಗೆ 16 ಆಣೆ ಇತ್ತು. 1957ರ ಏಪ್ರಿಲ್ 1ರಂದು ಆಣೆ ಹೋಗಿ ರೂಪಾಯಿಗೆ 100 ಪೈಸೆ ಬಂತು. ಆಗ ಒಂದು ಆಣೆಗೆ ಎಷ್ಟು ಪೈಸೆ? 100ನ್ನು 16ರಿಂದ ಭಾಗಿಸಿದರೆ ಆರೂಕಾಲು. ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು? ಎರಡಾಣೆ ಎಂದರೆ ಹನ್ನೆರಡೂವರೆ ಪೈಸೆ, ಅದೂ ಆಗುವುದಿಲ್ಲ. ನಾಲ್ಕಾಣೆ ಮಾತ್ರ ಸರಿಯಾಗಿ 25 ಪೈಸೆ. ಕಾರಣ ಸಂಕ್ಷಿಪ್ತ ರೂಪದಲ್ಲಿದೆ. 1/16 ಅಲ್ಲಿಂದ ಕೆಳಗಿಳಿಯುವುದೇ ಇಲ್ಲ, ಅದರ ಛೇದ 16. ನೂರನ್ನು ಹದಿನಾರು ಸಮಪಾಲು ಮಾಡಲು ಬರುವುದಿಲ್ಲ. 2/16 ಎಂದರೆ 1/8, ನೂರು ಎಂಟು ಪಾಲೂ ಆಗುವುದಿಲ್ಲ. 4/16 ಎಂದರೆ 1/4, ನೂರನ್ನು ನಾಲ್ಕು ಪಾಲು ಮಾಡುವುದು ಎಲ್ಲರಿಗೂ ಗೊತ್ತು. 8/16 ಎಂದರೆ 1/2, 12/16 ಎಂದರೆ 3/4, ಅವೂ ಪಾರಾದವು. 6 ಆಣೆಯನ್ನು ನೀವು ಪರೀಕ್ಷಿಸಿ. ಒಟ್ಟಿನಲ್ಲಿ ಪೈಸೆಯ ಲೋಕಕ್ಕೆ ಪೂರ್ತಿಯಾಗಿ ದಾಟಿ ಬಂದ ನಾಣ್ಯಗಳ ಹೆಸರೇ ಜನರ ಬಾಯಲ್ಲಿ ಉಳಿಯಿತು. 25 ಪೈಸೆಯ ನಾಣ್ಯ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಆ ತನಕವೂ ಎಷ್ಟೋ ಜನರಿಗೆ ಅದು ನಾಲ್ಕಾಣೆಯೇ.

ಇನ್ನೊಂದು ಉದಾಹರಣೆ ಸೈಕಲ್ಲಿನಲ್ಲಿದೆ. ಪೆಡಲಿನ ಹತ್ತಿರದ ದೊಡ್ಡ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇರುವ ಸೈಕಲ್ ಇದೆ ಎನ್ನಿ. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ 44/18 ಸುತ್ತು ಬರುತ್ತದೆ. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಟೈರಿನ ಮೇಲೆ, ನೆಲದ ಕಡೆಗೆ ಇರುವಲ್ಲಿ, ಸೀಮೆಸುಣ್ಣದಿಂದ ಒಂದು ಗುರುತು ಹಾಕಿ. ಪೆಡಲನ್ನೂ ನೇರ ಕೆಳಕ್ಕೆ ತಂದಿಡಿ. ಈಗ ಕೈಯಿಂದ ನಿಧಾನವಾಗಿ, ಚಕ್ರ ತಾನೇ ಮುಂದೆ ಓಡದ ಹಾಗೆ, ಪೆಡಲ್ ತಿರುಗಿಸಿ. ಪೆಡಲೂ ಗುರುತೂ ಎರಡೂ ಒಟ್ಟಿಗೆ ಮತ್ತೆ ಕೆಳಕ್ಕೆ ಬರುವುದು ಯಾವಾಗ? 44/18 ನೋಡಿದವರು ಪೆಡಲಿನ 18 ಸುತ್ತಿಗೆ, ಆಗ ಚಕ್ರಕ್ಕೆ 44 ಸುತ್ತು ಎನ್ನುತ್ತಾರೆ. ಸುಳ್ಳಲ್ಲ. ಆದರೆ ಅಷ್ಟು ಹೊತ್ತಿಗೆ ಅವು ಆಗಲೇ ಒಮ್ಮೆ ಸೇರಿ ಹೋಗಿರುತ್ತವೆ. ಸಂಕ್ಷೇಪಿಸಿದರೆ 22/9, ಅಂದರೆ ಪೆಡಲಿನ 9ನೇ ಸುತ್ತಿಗೇ ಮೊದಲ ಭೇಟಿ. 48 ಮತ್ತು 16 ಹಲ್ಲಿನ ಸೈಕಲ್ಲಾದರೆ 3/1, ಪ್ರತಿ ಸುತ್ತಿಗೂ ಭೇಟಿ.

ಯಂತ್ರ ಮಾಡುವವರು ಇದನ್ನು ಬೇಕೆಂದೇ ತಪ್ಪಿಸುವುದೂ ಉಂಟು. 40 ಹಲ್ಲಿನ ಗೇರು 20 ಹಲ್ಲಿನ ಗೇರಿನ ಜೊತೆ ಕಚ್ಚಿಕೊಂಡು ತಿರುಗುತ್ತಿದ್ದರೆ ಅದು 2/1. ಚಿಕ್ಕ ಗೇರಿನ ಒಂದೊಂದು ಹಲ್ಲೂ ದೊಡ್ಡದರ ಅವೇ ಎರಡು ಹಲ್ಲುಗಳನ್ನು ಜೀವಮಾನವಿಡೀ ತಾಗುತ್ತಿರುತ್ತದೆ. ಒಂದು ಹಲ್ಲು ಸ್ವಲ್ಪ ಒರಟಾಗಿದ್ದರೆ ಅವೆರಡೇ ಸವೆದು ಹಾಳಾಗುತ್ತವೆ. ದೊಡ್ಡ ಗೇರಿಗೆ ಒಂದೇ ಒಂದು ಹಲ್ಲು ಹೆಚ್ಚು ಕೊಟ್ಟು 41/20 ಮಾಡಿ ನೋಡಿ. ಇದನ್ನು ಸಂಕ್ಷೇಪಿಸಲು ಆಗುವುದೇ ಇಲ್ಲ. ಈಗ ಚಿಕ್ಕ ಗೇರಿನ ಪ್ರತಿ ಹಲ್ಲೂ ಎದುರಿನ 41 ಹಲ್ಲುಗಳನ್ನೂ ಸರದಿಯ ಮೇಲೆ ಭೇಟಿಯಾಗುತ್ತದೆ, ಸವೆತ ಎಲ್ಲರಿಗೂ ಹಂಚಿಹೋಗುತ್ತದೆ.

ಹಾಗಾದರೆ 41/20ರಂತೆ ಮೊದಲೇ ಸಂಕ್ಷಿಪ್ತವಾಗಿರುವ ಭಿನ್ನರಾಶಿಗಳು ಎಷ್ಟಿರಬಹುದು? ಲೆಕ್ಕದ ಪುಸ್ತಕದಲ್ಲಿ 10 ಅಡ್ಡಸಾಲು, 10 ಕಂಬಸಾಲು ಇರುವ ಚೌಕಮನೆ ಬರೆಯಿರಿ. ಸಾಲಿನ ಸಂಖ್ಯೆ ಅಂಶ, ಕಂಬದ ಸಂಖ್ಯೆ ಛೇದ. ಒಟ್ಟು ನೂರು ಭಿನ್ನರಾಶಿಗಳು, 1/1ರಿಂದ 10/10ರ ತನಕ. ಇನ್ನು ಭಾಗಿಸಲಾಗದ ಮನೆಗಳಿಗೆಲ್ಲ ಬಣ್ಣ ಹಚ್ಚಿ. ಒಂದರ ಸಾಲು ಪೂರ್ತಿ ತುಂಬುತ್ತದೆ. ಏಳರ ಸಾಲಿನಲ್ಲಿ 7/7 ಒಂದೇ ಖಾಲಿ. ಆರರ ಸಾಲು ಪಾಪ, 6/1, 6/5, 6/7 ಮೂರೇ ಮನೆ. ಎಣಿಸಿದರೆ ಒಟ್ಟು 63 ಮನೆಗಳಿಗೆ ಬಣ್ಣ ಬರುತ್ತದೆ. ಅಂದರೆ ಅರ್ಧಕ್ಕಿಂತ ಹೆಚ್ಚು ಭಿನ್ನರಾಶಿಗಳಿಗೆ ನಮ್ಮ ಸಹಾಯವೇ ಬೇಕಿಲ್ಲ! 100 × 100ರ ಚೌಕಮನೆ ಮಾಡಿದರೆ 10,000 ಮನೆಗಳಲ್ಲಿ 6087ಕ್ಕೆ ಬಣ್ಣ. ಚೌಕಮನೆ ಬೆಳೆಯುತ್ತಾ ಹೋದಂತೆ ಇದು ನೂರಕ್ಕೆ ಸುಮಾರು 61ರ ಹತ್ತಿರ ಬಂದು ನಿಲ್ಲುತ್ತದೆ. ಗಣಿತಜ್ಞರು ಆ ಸಂಖ್ಯೆಯನ್ನು ಕರಾರುವಾಕ್ಕಾಗಿ ಕಂಡುಹಿಡಿದಿದ್ದಾರೆ: ವೃತ್ತದ ಲೆಕ್ಕದಲ್ಲಿ ಬರುವ ಪೈ ಇದೆಯಲ್ಲ, ಅದರ ವರ್ಗದಿಂದ 6ನ್ನು ಭಾಗಿಸಿದರೆ ಬರುವುದು. ವೃತ್ತವೇ ಇಲ್ಲದ ಚೌಕಮನೆಯೊಳಗೆ ಪೈ ಹೇಗೆ ನುಸುಳಿತು ಎಂಬುದು ಬೇರೆಯದೇ ದೊಡ್ಡ ಕಥೆ.

ನಮ್ಮ ಎಣಿಕೆಯೂ ಒಂದು ಭಿನ್ನರಾಶಿಯೇ: ಬಣ್ಣದ ಮನೆಗಳು 63, ಒಟ್ಟು ಮನೆಗಳು 100. 63/100 ಅನ್ನು ಸಂಕ್ಷೇಪಿಸಲು ಹೋದರೆ ಅದು ಜಗ್ಗುವುದಿಲ್ಲ. ಈಗ 2 × 2ರ ಚೌಕಮನೆಯಿಂದ ಶುರುಮಾಡಿ, 3 × 3, 4 × 4 ಎಂದು 10 × 10ರ ತನಕ ಒಂದೊಂದನ್ನೂ ಹೀಗೆ ಎಣಿಸಿ ಬರೆಯಿರಿ. 2 × 2ರಲ್ಲಿ 3/4, 3 × 3ರಲ್ಲಿ 7/9. ಒಟ್ಟು ಒಂಬತ್ತು ಭಿನ್ನರಾಶಿಗಳು ಸಿಗುತ್ತವೆ. ಅವುಗಳಲ್ಲಿ ಎಂಟು ಹಟಮಾರಿಗಳು, ಒಂದೇ ಒಂದು ಮಾತ್ರ ಸಂಕ್ಷೇಪಕ್ಕೆ ಒಪ್ಪುತ್ತದೆ. ಅದು ಯಾವುದು, ಹುಡುಕಿ.